ಓದುಗರ ಪ್ರಶ್ನೆ, ವೈದ್ಯರ ಉತ್ತರ: ಊದುವ ಪರೀಕ್ಷೆಯ ಅಂಕಿಗಳನ್ನು ಓದುವುದು ಹೇಗೆ?

ದಮ್ಮು ಮತ್ತು ಹಳೆಯ ಕೆಮ್ಮಿನ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ಸ್ಪೈರೊಮೆಟ್ರಿ ವರದಿಗೆ ಸಂಬಂಧಿಸಿದವು. ಕೊಳವೆಯೊಳಗೆ ಊದಿಸಿ ಶ್ವಾಸಕೋಶದ ಶಕ್ತಿಯನ್ನು ಅಳೆಯುವ ಈ ಪರೀಕ್ಷೆಯನ್ನು ಕೆಲವರು ಪಿ.ಎಫ್.ಟಿ. ಎಂದೂ ಕರೆಯುತ್ತಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಬೀಡಿ, ಸಿಗರೇಟು ಹಾಗಿರಲಿ, ಎಲೆ ಅಡಿಕೆಯನ್ನೂ ಹಾಕಿದವರಲ್ಲ. ಎರಡು ವರ್ಷಗಳಿಂದ ತೋಟದ ಏರು ಹತ್ತುವಾಗ ಏದುಸಿರು ಬರುತ್ತಿದೆ. ಎಕ್ಸ್‌ರೇಯಲ್ಲಿ ಏನೂ ತೊಂದರೆ ಇಲ್ಲವೆಂದರು. ಆಮೇಲೆ ಊದುವ ಪರೀಕ್ಷೆ ಮಾಡಿಸಿ ಸಿ.ಒ.ಪಿ.ಡಿ. (ಗಾಳಿಯ ಕೊಳವೆಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದರು. ಅದು ಸಿಗರೇಟು ಸೇದುವವರ ಕಾಯಿಲೆಯಲ್ಲವೇ? ಎಕ್ಸ್‌ರೇಯಲ್ಲಿ ಕಾಣದ್ದು ಊದಿದರೆ ಹೇಗೆ ತಿಳಿಯುತ್ತದೆ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ನಿಮ್ಮ ತಾಯಿಯವರು ಸಿಗರೇಟು ಸೇದದೇ ಇರಬಹುದು, ಆದರೆ ಒಲೆಯ ಹೊಗೆಯನ್ನು ಎಷ್ಟು ವರ್ಷ ಕುಡಿದಿದ್ದಾರೆ ಎಂಬುದನ್ನು ಒಮ್ಮೆ ಅವರನ್ನೇ ಕೇಳಿ. ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದ ಮೇಲೂ ಬಚ್ಚಲಿನ ಹಂಡೆಯ ಒಲೆ ಉರಿಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಹಾಕುವ ಸೌದೆ ಹಸಿಯಾಗಿರುವುದರಿಂದ ಹೊಗೆ ಇನ್ನೂ ದಟ್ಟ. ಬೆಳಗಿನ ಜಾವ ಆ ಒಲೆಗೆ ಉರಿ ಹಾಕುವವರು ಹೆಚ್ಚಾಗಿ ಮನೆಯ ಹೆಂಗಸರೇ. ಜಗತ್ತಿನಲ್ಲಿ ಸಿ.ಒ.ಪಿ.ಡಿ. ಇರುವವರ ಪೈಕಿ ಶೇ. 25ರಿಂದ 45ರಷ್ಟು ಮಂದಿ ಎಂದೂ ಧೂಮಪಾನ ಮಾಡಿದವರಲ್ಲ ಎಂದು 2009ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಅಂದಾಜು ಮಾಡಿತು. ಸೌದೆ, ಬೆರಣಿ, ಬೆಳೆಯ ಉಳಿಕೆಗಳ ಹೊಗೆ, ಕೆಲಸದ ಜಾಗದ ಧೂಳು, ಹಿಂದೆ ಬಂದು ವಾಸಿಯಾದ ಕ್ಷಯ, ಬಾಲ್ಯದ ನ್ಯುಮೋನಿಯಾ, ಇವೆಲ್ಲವೂ ಇದೇ ಕಾಯಿಲೆಗೆ ದಾರಿ ಮಾಡಬಲ್ಲವು. ಆದ್ದರಿಂದ ‘ಸಿಗರೇಟು ಸೇದುವವರ ಕಾಯಿಲೆ’ ಎಂಬ ಮಾತನ್ನು ನಾವು ವೈದ್ಯರೂ ಬಿಡಬೇಕಾಗಿದೆ. ಆ ಮಾತಿನಿಂದಾಗಿ ಎಷ್ಟೋ ತಾಯಂದಿರಿಗೆ ಪರೀಕ್ಷೆಯನ್ನೇ ಬರೆದುಕೊಡದೆ ‘ವಯಸ್ಸಾಯಿತು, ರಕ್ತ ಕಡಿಮೆ’ ಎಂದು ಹೇಳಿ ಕಳುಹಿಸಲಾಗುತ್ತಿದೆ.

ಇನ್ನು ಎಕ್ಸ್‌ರೇ ವಿಚಾರ. ಎಕ್ಸ್‌ರೇ ತೋರಿಸುವುದು ಶ್ವಾಸಕೋಶದ ಆಕಾರವನ್ನು. ಗಾಳಿ ಎಷ್ಟು ಬೇಗ ಒಳಹೊರಗೆ ಆಡುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ, ಹೀಗಾಗಿ ಸಿ.ಒ.ಪಿ.ಡಿ.ಯ ಮೊದಲ ಹಂತಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಇರಬಹುದು. ಊದುವ ಪರೀಕ್ಷೆಯಲ್ಲಿ ರೋಗಿ ನೆಟ್ಟಗೆ ಕುಳಿತು, ಮೂಗಿಗೆ ಕ್ಲಿಪ್ ಹಾಕಿಸಿಕೊಂಡು, ಎದೆ ತುಂಬ ಉಸಿರೆಳೆದು, ಕೊಳವೆಯ ಸುತ್ತ ತುಟಿ ಬಿಗಿಹಿಡಿದು, ಒಂದೇ ರಭಸದಲ್ಲಿ ಊದಬೇಕು. ಮೊದಲ ಸೆಕೆಂಡು ಕಳೆದ ಮೇಲೆ ಎಲ್ಲವೂ ಮುಗಿಯಿತೆಂದು ರೋಗಿಗೆ ಅನ್ನಿಸುತ್ತದೆ. ಆಗಲೇ ಪಕ್ಕದಲ್ಲಿ ನಿಂತ ತಂತ್ರಜ್ಞರು ‘ಊದಿ, ಇನ್ನೂ ಊದಿ, ಬಿಡಬೇಡಿ, ಇನ್ನೂ’ ಎಂದು ಹುರಿದುಂಬಿಸುತ್ತಿರಬೇಕು. ಮುಖ ಕೆಂಪಾಗಿ, ಹೊಟ್ಟೆಯ ಸ್ನಾಯುಗಳು ಒಳಕ್ಕೆ ಎಳೆದುಕೊಂಡು, ಪರದೆಯ ಮೇಲಿನ ಗೆರೆ ಚಪ್ಪಟೆಯಾಗುವವರೆಗೂ ಗಾಳಿ ಹೊರಬರುತ್ತಲೇ ಇರಬೇಕು. ಹೀಗೆ ಹೊರಬಂದ ಒಟ್ಟು ಗಾಳಿಗೆ ಎಫ್.ವಿ.ಸಿ. ಎಂದೂ ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದ ಭಾಗಕ್ಕೆ ಎಫ್.ಇ.ವಿ.-1 ಎಂದೂ ಹೆಸರು. ಆರೋಗ್ಯವಂತ ವಯಸ್ಕರು ಒಟ್ಟು ಗಾಳಿಯ ಮುಕ್ಕಾಲು ಭಾಗದಷ್ಟನ್ನು ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾರೆ. ಗಾಳಿಯ ಕೊಳವೆಗಳು ಕಿರಿದಾದವರಲ್ಲಿ, ಬಾಯಿ ಕಿರಿದಾದ ಕೊಡವನ್ನು ಬೋರಲು ಹಾಕಿದಾಗ ನೀರು ತಡೆದು ತಡೆದು ಬರುವಂತೆ, ಗಾಳಿ ನಿಧಾನವಾಗಿ ಬರುತ್ತದೆ. ಒಟ್ಟು ಪ್ರಮಾಣ ಅಷ್ಟೇ ಇದ್ದರೂ ಮೊದಲ ಸೆಕೆಂಡಿನ ಪಾಲು ಇಳಿದುಹೋಗುತ್ತದೆ.

ನಿಮ್ಮ ತಾಯಿಯವರ ವರದಿಯಲ್ಲಿ ಒಂದು ಸಂಗತಿಯನ್ನು ನೀವೇ ನೋಡಬಹುದು. ಗಾಳಿಯ ಕೊಳವೆಗಳನ್ನು ಹಿಗ್ಗಿಸುವ ಸಾಲ್ಬುಟಮಾಲ್ ಪಂಪನ್ನು ಸಾಮಾನ್ಯವಾಗಿ ನಾಲ್ಕು ಬಾರಿ, ಅಂದರೆ 400 ಮೈಕ್ರೋಗ್ರಾಂ, ಎಳೆಸಿ 15 ನಿಮಿಷ ಕಾದು ಮತ್ತೆ ಊದಿಸಿದ ಅಂಕಿಗಳು ಪ್ರತ್ಯೇಕ ಕಾಲಮ್ಮಿನಲ್ಲಿರಬೇಕು. ಔಷಧದ ನಂತರವೂ ಎಫ್.ಇ.ವಿ.-1 ಅನ್ನು ಎಫ್.ವಿ.ಸಿ.ಯಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ಮಾತ್ರ ಸಿ.ಒ.ಪಿ.ಡಿ. ಎಂದು ಹೇಳಲು ಆಧಾರವಿರುತ್ತದೆ. ಆ ಕಾಲಮ್ಮು ಖಾಲಿಯಿದ್ದರೆ ಪರೀಕ್ಷೆ ಅರ್ಧವೇ ಆಗಿದೆ, ಅಸ್ತಮಾವನ್ನು ಸಿ.ಒ.ಪಿ.ಡಿ. ಎಂದು ತಪ್ಪಾಗಿ ಕರೆದಿರುವ ಸಾಧ್ಯತೆಯೂ ಇರುತ್ತದೆ. ಕಾಯಿಲೆ ಖಚಿತವಾದರೆ ಪಂಪಿನ ಔಷಧವನ್ನು ನಿಲ್ಲಿಸದೆ ತೆಗೆದುಕೊಳ್ಳಲಿ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಲಿ. ಇದರ ಜೊತೆಗೆ ಬಚ್ಚಲಿನ ನೀರು ಕಾಯಿಸುವ ಕೆಲಸವನ್ನು ಗ್ಯಾಸಿಗೋ ಸೋಲಾರಿಗೋ ಬದಲಾಯಿಸಿ. ಅದು ಸಾಧ್ಯವೇ ಇಲ್ಲವೆಂದರೆ ಒಲೆಯ ಹೊಣೆಯನ್ನಾದರೂ ಬೇರೆಯವರು ವಹಿಸಿಕೊಂಡು ಹೊಗೆ ಹೊರಗೆ ಹೋಗುವಂತೆ ಚಿಮಣಿ ಮಾಡಿಸಿ.

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಾರ್ಖಾನೆ) 20 ವರ್ಷಗಳಿಂದ ದುಡಿಯುತ್ತಿದ್ದೇನೆ. ವಯಸ್ಸು 52, ಎತ್ತರ 162 ಸೆಂ.ಮೀ. ಒಂದು ಕಡೆ ಊದಿದಾಗ ಎಫ್.ಇ.ವಿ.-1 ಶೇ. 70, ‘ಕಡಿಮೆ’ ಎಂದು ಬಂತು. ಇನ್ನೊಂದು ಕಡೆ ಶೇ. 84, ‘ನಾರ್ಮಲ್’ ಎಂದು ಬಂತು. ಎರಡರ ನಡುವೆ ಇದ್ದದ್ದು ಎರಡೇ ವಾರ. ಯಾವುದನ್ನು ನಂಬಲಿ?
— ಓದುಗರು, ಚಿಕ್ಕಮಗಳೂರು

ಉತ್ತರ: ಎರಡೂ ವರದಿಗಳ ನಕಲನ್ನು ನೀವು ಲಗತ್ತಿಸಿದ್ದು ಬಹಳ ಒಳ್ಳೆಯದಾಯಿತು. ಶೇಕಡಾ ಕಾಲಮ್ಮನ್ನು ಸ್ವಲ್ಪ ಬದಿಗಿಟ್ಟು ಲೀಟರಿನ ಕಾಲಮ್ಮನ್ನು ನೋಡಿ. ಎರಡು ಕಡೆಯೂ ನಿಮ್ಮ ಎಫ್.ಇ.ವಿ.-1 ಇರುವುದು 2.10 ಲೀಟರೇ. ಅಂದರೆ ನಿಮ್ಮ ಶ್ವಾಸಕೋಶ ಎರಡು ವಾರಗಳಲ್ಲಿ ಸುಧಾರಿಸಲೂ ಇಲ್ಲ, ಕೆಡಲೂ ಇಲ್ಲ. ಮೊದಲ ಯಂತ್ರವು ನಿಮ್ಮ ವಯಸ್ಸು, ಎತ್ತರದ ಗಂಡಸಿಗೆ 3.0 ಲೀಟರ್ ಇರಬೇಕೆಂದು ಲೆಕ್ಕ ಹಾಕಿದೆ, ಎರಡನೆಯದು 2.5 ಲೀಟರ್ ಸಾಕೆಂದು ಹಾಕಿದೆ. 2.10 ಅನ್ನು ಮೂರರಿಂದ ಭಾಗಿಸಿದರೆ ಶೇ. 70, ಎರಡೂವರೆಯಿಂದ ಭಾಗಿಸಿದರೆ ಶೇ. 84. ಲೀಟರಿನ ಅಂಕಿ ನಿಮ್ಮ ಎದೆಯಿಂದ ಬಂದದ್ದು, ಶೇಕಡಾ ಅಂಕಿ ಯಂತ್ರದೊಳಗೆ ಯಾರೋ ಆರಿಸಿಟ್ಟ ಕೋಷ್ಟಕದಿಂದ ಬಂದದ್ದು. ಊದುವ ಪರೀಕ್ಷೆಯ ಯಾವುದೇ ವರದಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನನ್ನನ್ನು ಯಾರ ಜೊತೆ ಹೋಲಿಸಿದ್ದೀರಿ?

ಇದು ಲ್ಯಾಬಿನವರ ಅಸಡ್ಡೆಯೊಂದರಿಂದಲೇ ಆಗುವ ಗೊಂದಲವಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾವ ವಯಸ್ಸಿಗೆ, ಯಾವ ಎತ್ತರಕ್ಕೆ ಎಷ್ಟಿರಬೇಕು ಎಂಬುದನ್ನು ಆರೋಗ್ಯವಂತರಾದ, ಧೂಮಪಾನ ಮಾಡದ ಸಾವಿರಾರು ಜನರನ್ನು ಊದಿಸಿ ನಿರ್ಧರಿಸುತ್ತಾರೆ. ಜಿ.ಎಲ್.ಐ. ಎಂಬ ಅಂತರರಾಷ್ಟ್ರೀಯ ತಜ್ಞರ ತಂಡದಿಂದ 2012ರಲ್ಲಿ ಬಂದ ಸಮೀಕರಣಗಳಿಗೆ 26 ದೇಶಗಳ 74,187 ಮಂದಿಯ ಅಳತೆಗಳು ಆಧಾರವಾದವು. 3ರಿಂದ 95 ವರ್ಷದವರೆಗಿನವರು ಅದರಲ್ಲಿದ್ದರು. ಆದರೆ ಅಷ್ಟು ದೊಡ್ಡ ಸಂಗ್ರಹದಲ್ಲಿಯೂ ಭಾರತ ಉಪಖಂಡದವರಿಗೆ ಪ್ರತ್ಯೇಕ ಸಮೀಕರಣ ಕೊಡುವಷ್ಟು ಮಾಹಿತಿ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಕೆಲವು ಯಂತ್ರಗಳು ಯೂರೋಪಿನವರ ಅಂಕಿಯನ್ನೂ, ಕೆಲವು ಅದರಿಂದ ಒಂದಿಷ್ಟು ಶೇಕಡಾ ಕಳೆದ ಅಂಕಿಯನ್ನೂ, ಇನ್ನು ಕೆಲವು ಭಾರತದ ಬೇರೆ ಬೇರೆ ಊರುಗಳಲ್ಲಿ ತಯಾರಾದ ಸಮೀಕರಣಗಳನ್ನೂ ಬಳಸುತ್ತಿವೆ. ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಲ್ಲರಿಗೂ ಒಂದೇ ಆಗಿ ಅನ್ವಯಿಸುವ ಜಿ.ಎಲ್.ಐ. ಜಾಗತಿಕ ಸಮೀಕರಣ 2022ರಲ್ಲಿ ಸಿದ್ಧವಾಯಿತು, ಅಮೆರಿಕದ ಎದೆರೋಗ ತಜ್ಞರ ಸಂಘ 2023ರಲ್ಲಿ ಅದನ್ನೇ ಬಳಸಲು ಶಿಫಾರಸು ಮಾಡಿತು. ‘ಈ ಜನಾಂಗದವರ ಶ್ವಾಸಕೋಶ ಹುಟ್ಟಿನಿಂದಲೇ ಚಿಕ್ಕದು’ ಎಂಬ ಮಾತಿಗೆ ಕರಾಳವಾದ ಇತಿಹಾಸವೂ ಇದೆ: 19ನೆಯ ಶತಮಾನದಲ್ಲಿ ಅಮೆರಿಕದ ತೋಟಗಳಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿಕೊಳ್ಳಲು ಇದೇ ಸ್ಪೈರೊಮೀಟರಿನ ಅಂಕಿಗಳನ್ನು ಬಳಸಿಕೊಂಡಿದ್ದರು.

ಭಾರತೀಯರ ಅಂಕಿಗಳು ಸರಾಸರಿಯಲ್ಲಿ ಕಡಿಮೆ ಎಂಬುದೇನೋ ನಿಜ. 17 ದೇಶಗಳಲ್ಲಿ ನಡೆದ ಪ್ಯೂರ್ ಅಧ್ಯಯನದಲ್ಲಿ, ಅದರ ಭಾರತದ ಭಾಗವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮುನ್ನಡೆಸಿತು, ಎಂದೂ ಧೂಮಪಾನ ಮಾಡದ ದಕ್ಷಿಣ ಏಷ್ಯಾದವರ ಎಫ್.ಇ.ವಿ.-1, ವಯಸ್ಸು ಮತ್ತು ಎತ್ತರವನ್ನು ಸರಿದೂಗಿಸಿದ ಮೇಲೂ, ಯೂರೋಪ್ ಮತ್ತು ಉತ್ತರ ಅಮೆರಿಕದವರಿಗಿಂತ ಸುಮಾರು ಶೇ. 31ರಷ್ಟು ಕಡಿಮೆ ಇದ್ದುದು 2013ರಲ್ಲಿ ವರದಿಯಾಯಿತು. ಇದರಲ್ಲಿ ದೇಹದ ರಚನೆಯ ಪಾಲೆಷ್ಟು, ಕಡಿಮೆ ತೂಕದಲ್ಲಿ ಹುಟ್ಟಿದ್ದರ, ಬಾಲ್ಯದಲ್ಲಿ ಹೊಟ್ಟೆಗೆ ಸಾಲದಿದ್ದುದರ, ಒಲೆಯ ಹೊಗೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ನನ್ನ ಖಚಿತ ಅಭಿಪ್ರಾಯವಿದು: ಹೊಗೆ ಮತ್ತು ಅಪೌಷ್ಟಿಕತೆಯಿಂದ ಆದ ನಷ್ಟವನ್ನೆಲ್ಲ ‘ಭಾರತೀಯರಿಗೆ ಇದೇ ನಾರ್ಮಲ್’ ಎಂಬ ಕೋಷ್ಟಕದೊಳಗೆ ಮುಚ್ಚಿಟ್ಟರೆ ನಿಮ್ಮಂಥ ಕಾರ್ಮಿಕರಿಗೇ ಅನ್ಯಾಯವಾಗುತ್ತದೆ, ಹಾಗೆಯೇ ಯೂರೋಪಿನ ಅಂಕಿಯನ್ನು ಇದ್ದಂತೆಯೇ ಹೇರಿದರೆ ಆರೋಗ್ಯವಂತರೂ ರೋಗಿಗಳೆನಿಸಿಕೊಂಡು ಕೆಲಸ ಕಳೆದುಕೊಳ್ಳಬಹುದು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ನಿಮ್ಮ ಎಫ್.ವಿ.ಸಿ. 2.70 ಲೀಟರ್, 2.10 ಅನ್ನು ಅದರಿಂದ ಭಾಗಿಸಿದರೆ 0.78. ಈ ಅನುಪಾತ ಬಂದದ್ದು ನಿಮ್ಮದೇ ಎರಡು ಅಳತೆಗಳಿಂದ, ಕೋಷ್ಟಕದಿಂದಲ್ಲ. ಕೊಳವೆಗಳಲ್ಲಿ ಅಡಚಣೆ ಇಲ್ಲ ಎಂದೇ ಅದು ಸೂಚಿಸುತ್ತದೆ. ಆದರೆ ಕ್ಯೂರಿಂಗ್‌ನಲ್ಲಿ ಏಳುವ ಹಸಿ ಕಾಫಿ ಬೀಜದ ಧೂಳು ಅಲರ್ಜಿ ಮತ್ತು ಅಸ್ತಮಾ ತರಬಲ್ಲದು ಎಂಬುದು ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಹಿಂದೆ ಹರಳು (ಔಡಲ ಬೀಜ) ತುಂಬಿದ್ದ ಗೋಣಿಚೀಲಗಳನ್ನೇ ಕಾಫಿಗೂ ಬಳಸಿದ ಕಡೆ ಹರಳಿನ ಧೂಳಿನಿಂದ ತೀವ್ರವಾದ ಅಸ್ತಮಾ ಬಂದುದೂ ಬೇರೆ ದೇಶಗಳಲ್ಲಿ ದಾಖಲಾಗಿದೆ. ಅಸ್ತಮಾ ಇರುವವರ ಅಂಕಿಗಳು ರಜೆಯ ದಿನ ಊದಿದರೆ ಪೂರ್ತಿ ಸರಿಯಾಗಿಯೇ ಬರಬಹುದು. ಕೆಲಸದ ದಿನಗಳಲ್ಲಿ ಸೀನು, ಮೂಗು ಸೋರುವುದು, ಎದೆಯಲ್ಲಿ ಸುಯ್ಯೆನ್ನುವುದು ಹೆಚ್ಚಾಗಿ ರಜೆಯಲ್ಲಿ ಕಡಿಮೆಯಾಗುತ್ತದೆಯೇ ಎಂದು ಗಮನಿಸಿ. ಈ ಎರಡು ವರದಿಗಳನ್ನು ಜೋಪಾನವಾಗಿಡಿ. ಮುಂದಿನ ವರ್ಷ ಸಾಧ್ಯವಾದರೆ ಅದೇ ಯಂತ್ರದಲ್ಲಿ ಮತ್ತೆ ಊದಿ, ಲೀಟರನ್ನು ಲೀಟರಿನ ಜೊತೆ ಹೋಲಿಸಿ. 25ರ ವಯಸ್ಸು ದಾಟಿದ ಮೇಲೆ ಆರೋಗ್ಯವಂತರಲ್ಲೂ ಎಫ್.ಇ.ವಿ.-1 ವರ್ಷಕ್ಕೆ 25ರಿಂದ 30 ಮಿಲಿಲೀಟರಿನಷ್ಟು ಇಳಿಯುತ್ತಾ ಹೋಗುತ್ತದೆ. ಒಂದು ವರ್ಷದಿಂದ ಇನ್ನೊಂದಕ್ಕೆ ಶೇ. 15ಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಊದುವುದರಲ್ಲಾದ ಹೆಚ್ಚುಕಡಿಮೆಯಲ್ಲ, ಕೂಡಲೇ ಎದೆರೋಗ ತಜ್ಞರಿಗೆ ತೋರಿಸಬೇಕಾದ ಬದಲಾವಣೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 74 ವರ್ಷ. ಕೆಮ್ಮು, ದಮ್ಮು ಯಾವುದೂ ಇಲ್ಲ, ದಿನಾ ಬೆಳಿಗ್ಗೆ ನಡೆಯುತ್ತೇನೆ, ದುಶ್ಚಟಗಳಿಲ್ಲ. ತಪಾಸಣಾ ಪ್ಯಾಕೇಜಿನಲ್ಲಿ ಊದಿಸಿದಾಗ ಅನುಪಾತ 0.68 ಬಂದು, ಸಿ.ಒ.ಪಿ.ಡಿ. ಎಂದು ಬರೆದು ಪಂಪ್ ಕೊಟ್ಟಿದ್ದಾರೆ. ಶುರು ಮಾಡಲೇ?
— ಓದುಗರು, ಕಡೂರು

ಉತ್ತರ: ಅವಸರ ಬೇಡ, ಮೇಷ್ಟ್ರೇ. ವಯಸ್ಸಾದಂತೆ ಶ್ವಾಸಕೋಶದ ಹಿಗ್ಗಿ ಕುಗ್ಗುವ ಗುಣ ಕಡಿಮೆಯಾಗುವುದರಿಂದ ಆರೋಗ್ಯವಂತರಲ್ಲಿಯೂ ಈ ಅನುಪಾತ ಇಳಿಯುತ್ತದೆ. 0.70 ಎಂಬ ಗೆರೆಯನ್ನು ಗೋಲ್ಡ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಎಲ್ಲ ವಯಸ್ಸಿನವರಿಗೂ ಒಂದೇ ಆಗಿ ಎಳೆದದ್ದು, ನೆನಪಿನಲ್ಲಿಟ್ಟುಕೊಳ್ಳಲು ಸುಲಭವೆಂಬ ಕಾರಣಕ್ಕೆ. ಇದರಿಂದ ಎರಡು ಬಗೆಯ ತಪ್ಪುಗಳಾಗುತ್ತವೆ: ನಿಮ್ಮಂಥ ಹಿರಿಯರಿಗೆ ಇಲ್ಲದ ಕಾಯಿಲೆಯ ಹೆಸರು ಅಂಟುತ್ತದೆ, 30 ವರ್ಷದವರಲ್ಲಿ ನಿಜವಾಗಿ ಇರುವ ಅಡಚಣೆ 0.73ರ ಮರೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದು ‘ಸಹಜದ ಕೆಳಮಿತಿ’ಯನ್ನು ಬಳಸುತ್ತಾರೆ. ಅದೇ ವಯಸ್ಸಿನ, ಅದೇ ಎತ್ತರದ ನೂರು ಮಂದಿ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ ಐವರ ಅಂಕಿ ಎಲ್ಲಿಂದ ಶುರುವಾಗುತ್ತದೆಯೋ ಅದೇ ಆ ಮಿತಿ. ವರದಿಯಲ್ಲಿ, ನಿಮ್ಮ ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಹೇಳುವ ‘ಝಡ್ ಸ್ಕೋರ್’ ಎಂಬ ಕಾಲಮ್ಮಿದ್ದರೆ ಅದು ಮೈನಸ್ 1.64ಕ್ಕಿಂತ ಕೆಳಗಿದೆಯೇ ನೋಡಿ. ನಿಮ್ಮ ವಯಸ್ಸಿನವರಿಗೆ ಈ ಮಿತಿ 0.70ಕ್ಕಿಂತ ಕೆಳಗೇ ಇರುತ್ತದೆ, ಆದ್ದರಿಂದ 0.68 ಸಹಜವಾಗಿರುವ ಸಾಧ್ಯತೆ ಸಾಕಷ್ಟಿದೆ.

ಗೋಲ್ಡ್ ಮಾರ್ಗಸೂಚಿಯೂ ಅಂಕಿಯೊಂದನ್ನೇ ನೋಡಿ ಕಾಯಿಲೆಯ ಹೆಸರಿಡಿ ಎನ್ನುವುದಿಲ್ಲ. ರೋಗಲಕ್ಷಣವೋ ಹೊಗೆ, ಧೂಳಿನ ಹಿನ್ನೆಲೆಯೋ ಇದ್ದವರಲ್ಲಿ ಮಾತ್ರ ಈ ಅಂಕಿಗೆ ಅರ್ಥ. ಅನುಪಾತ 0.60 ಮತ್ತು 0.80ರ ನಡುವೆ ಇದ್ದರೆ ಬೇರೊಂದು ದಿನ ಮತ್ತೆ ಊದಿಸಿ ಖಚಿತಪಡಿಸಿಕೊಳ್ಳಬೇಕೆಂದೂ ಅದು ಹೇಳುತ್ತದೆ. ಕೆಲವು ವಾರ ಬಿಟ್ಟು, ಔಷಧ ಎಳೆದ ನಂತರದ ಪರೀಕ್ಷೆಯೂ ಸೇರಿದಂತೆ, ಮತ್ತೊಮ್ಮೆ ಮಾಡಿಸಿ. ಹಿಂದೆ ಕ್ಷಯ ಬಂದಿತ್ತೇ, ಬಾಲ್ಯದಲ್ಲಿ ಉಬ್ಬಸವಿತ್ತೇ ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ. ಇವೆರಡೂ ಇಲ್ಲದೆ ಲಕ್ಷಣಗಳೂ ಇಲ್ಲದಿದ್ದರೆ ಅಂಕಿಯೊಂದಕ್ಕಾಗಿ ಪಂಪ್ ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಆದರೂ ಆ ತೀರ್ಮಾನವನ್ನು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರೇ ಮಾಡಬೇಕು.

ಪ್ರಶ್ನೆ: ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತದೆ, ಒಂದು ನಿಮಿಷ ಉಸಿರು ಹಿಡಿಯಬಲ್ಲೆ. ಇಷ್ಟಾದರೆ ಶ್ವಾಸಕೋಶ ಚೆನ್ನಾಗಿದೆ ಎಂದಲ್ಲವೇ?
— ಓದುಗರು, ಬೇಲೂರು

ಉತ್ತರ: ಅಲ್ಲ. ಶ್ವಾಸಕೋಶಕ್ಕೆ ದೊಡ್ಡ ಮೀಸಲು ಶಕ್ತಿ ಇರುವುದರಿಂದ ಎಫ್.ಇ.ವಿ.-1 ಅರ್ಧಕ್ಕೆ ಇಳಿದವರಲ್ಲೂ ಕುಳಿತಿದ್ದಾಗ ಆಕ್ಸಿಜನ್ 96, 97 ಇರಬಹುದು. ಉಸಿರು ಹಿಡಿಯುವುದು ಅಭ್ಯಾಸ ಮತ್ತು ಮನೋಬಲದ ವಿಷಯ. ರೋಗನಿರ್ಣಯಕ್ಕೆ ಅದು ಬಾರದು.

ಪ್ರಶ್ನೆ: ನಾನು ಹಾಸನದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದು ಸಮೀಕ್ಷೆ ಶೇ. 3.5 ಎನ್ನುತ್ತದೆ, ಇನ್ನೊಂದು ಶೇ. 10 ಎನ್ನುತ್ತದೆ. ವಯಸ್ಕರಲ್ಲಿ ದೀರ್ಘಕಾಲದ ಉಸಿರಾಟದ ಕಾಯಿಲೆ ಎಷ್ಟಿದೆ ಎಂಬ ಒಂದೇ ಪ್ರಶ್ನೆಗೆ ಇಷ್ಟು ಬೇರೆ ಬೇರೆ ಉತ್ತರಗಳು ಏಕೆ?
— ಓದುಗರು, ಹಾಸನ

ಉತ್ತರ: ಪ್ರಶ್ನೆ ಒಂದೇ ಅಲ್ಲದಿರುವುದರಿಂದ. ನೀವು ಹೇಳುವ ಮೊದಲ ಅಂಕಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಇನ್‌ಸರ್ಚ್ ಸಮೀಕ್ಷೆಯದು. 2012ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ದೇಶದ 12 ಕೇಂದ್ರಗಳ ಪಟ್ಟಣ ಮತ್ತು ಹಳ್ಳಿಗಳ 1,69,575 ಮಂದಿಯನ್ನು ಮನೆಮನೆಗೆ ಹೋಗಿ ಮಾತನಾಡಿಸಿದ್ದರು. 15 ವರ್ಷ ದಾಟಿದವರಲ್ಲಿ ಅಸ್ತಮಾ ಶೇ. 2.05, 35 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಶೇ. 3.49 ಎಂದು ಅದು ಕಂಡುಕೊಂಡಿತು. ಅದು ಪ್ರಶ್ನಾವಳಿಯ ಸಮೀಕ್ಷೆ, ಅಲ್ಲಿ ಯಾರ ಕೈಯಲ್ಲೂ ಊದಿಸಲಿಲ್ಲ. ವರ್ಷದಲ್ಲಿ ಮೂರು ತಿಂಗಳು, ಸತತ ಎರಡು ವರ್ಷ ಕಫದೊಡನೆ ಕೆಮ್ಮು ಇದ್ದರೆ ದೀರ್ಘಕಾಲದ ಬ್ರಾಂಕೈಟಿಸ್ ಎಂಬುದು ಅದರ ರೂಢಿಗತ ವ್ಯಾಖ್ಯೆ. ಕಫ ಬರದ, ಬರೀ ಏದುಸಿರು ಇರುವ ಸಿ.ಒ.ಪಿ.ಡಿ. ರೋಗಿಗಳು ಈ ವ್ಯಾಖ್ಯೆಯ ಹೊರಗೇ ಉಳಿಯುತ್ತಾರೆ.

ಎರಡನೆಯ ಅಂಕಿ ಬೋಲ್ಡ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ್ದು. 40 ದಾಟಿದವರನ್ನು ಮಾತ್ರ ಆಯ್ದು, ಎಲ್ಲ ಊರುಗಳಲ್ಲೂ ಒಂದೇ ಬಗೆಯ ಪ್ರಶ್ನೆ, ಒಂದೇ ಬಗೆಯ ಯಂತ್ರ ಬಳಸಿ, ಔಷಧ ಎಳೆದ ನಂತರ ಊದಿಸುವುದು ಅದರ ಕ್ರಮ. 2007ರ ವರದಿಯಲ್ಲಿ 12 ಊರುಗಳ 9,425 ಮಂದಿಯಲ್ಲಿ ಮಧ್ಯಮ ಅಥವಾ ಅದಕ್ಕೂ ತೀವ್ರವಾದ ಸಿ.ಒ.ಪಿ.ಡಿ. ಶೇ. 10.1 ಇತ್ತು. ನಂತರ ನಮ್ಮ ಮೈಸೂರೂ ಈ ಅಧ್ಯಯನದ ಕೇಂದ್ರಗಳಲ್ಲಿ ಒಂದಾಯಿತು. ಹೀಗೆ ಒಂದು ಕಡೆ ನಾಲಿಗೆಯ ಮಾತು, ಇನ್ನೊಂದು ಕಡೆ ಉಸಿರಿನ ಅಳತೆ. ಒಂದು ಕಡೆ 35, ಇನ್ನೊಂದು ಕಡೆ 40. ಒಂದು ಕಡೆ ಭಾರತ, ಇನ್ನೊಂದು ಕಡೆ ಬೇರೆ ಬೇರೆ ದೇಶಗಳು. ಇವನ್ನು ಒಂದರ ಪಕ್ಕ ಒಂದಿಟ್ಟು ‘ಕಾಯಿಲೆ ಮೂರು ಪಟ್ಟಾಯಿತು’ ಎಂದು ಬರೆಯುವುದನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೇನೆ. ನಿಮ್ಮ ಪ್ರಬಂಧದಲ್ಲಿ ಹಾಗಾಗದಂತೆ ನೋಡಿಕೊಳ್ಳಿ. ಮೂರನೆಯದಾಗಿ, ಭಾರತದಲ್ಲಿ 1990ರಲ್ಲಿ 2.81 ಕೋಟಿಯಿದ್ದ ಸಿ.ಒ.ಪಿ.ಡಿ. ಪ್ರಕರಣಗಳು 2016ಕ್ಕೆ 5.53 ಕೋಟಿಯಾದವು ಎಂದು 2018ರಲ್ಲಿ ಪ್ರಕಟವಾದದ್ದು ಲಭ್ಯವಿರುವ ಮಾಹಿತಿಯನ್ನೆಲ್ಲ ಕೂಡಿಸಿ ಗಣಿತದ ಮಾದರಿಯಿಂದ ಮಾಡಿದ ಅಂದಾಜು. ಜನಸಂಖ್ಯೆ ಬೆಳೆದದ್ದು, ಜನ ಹೆಚ್ಚು ಕಾಲ ಬದುಕುತ್ತಿರುವುದು ಎರಡೂ ಆ ಏರಿಕೆಯೊಳಗೆ ಸೇರಿವೆ.

ಜನಸಮುದಾಯದ ಉಸಿರನ್ನು ಅಳೆಯುವ ಕೆಲಸ ಹೊಸದಲ್ಲ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ತನ್ನ ಸ್ಪೈರೊಮೀಟರನ್ನು ಲೋಕಕ್ಕೆ ಪರಿಚಯಿಸಿದಾಗ ನಾವಿಕರು, ಪೊಲೀಸರು, ಕುಸ್ತಿಪಟುಗಳು ಸೇರಿದಂತೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ, ಎತ್ತರ ಹೆಚ್ಚಿದಂತೆ ಗಾಳಿಯ ಪ್ರಮಾಣವೂ ಕ್ರಮವಾಗಿ ಹೆಚ್ಚುತ್ತದೆಂದು ತೋರಿಸಿದ. ಆದರೆ ಆತ ಅಳೆದದ್ದು ಒಟ್ಟು ಗಾಳಿಯನ್ನು ಮಾತ್ರ. ಅದರಲ್ಲಿ ಸಮಯದ ಲೆಕ್ಕವೂ ಸೇರಿ ಮೊದಲ ಸೆಕೆಂಡಿನ ಅಳತೆ ಬಂದದ್ದು ಸುಮಾರು ನೂರು ವರ್ಷಗಳ ಮೇಲೆ, 1947ರ ಹೊತ್ತಿಗೆ, ಫ್ರಾನ್ಸಿನಲ್ಲಿ. ಊದಿಸಿ ಅಳೆಯುವ ಸಮೀಕ್ಷೆಗಳು ದುಬಾರಿ, ನಿಜ. ಆದರೂ ಅವು ಬೇಕೇ ಬೇಕು ಎನ್ನಲು ನನ್ನ ಮುಖ್ಯ ಕಾರಣ ಇದು: 27 ದೇಶಗಳ ಇಂಥ ಸಮೀಕ್ಷೆಗಳನ್ನು ಒಟ್ಟಿಗೆ ನೋಡಿದ 2015ರ ಒಂದು ವಿಶ್ಲೇಷಣೆಯಲ್ಲಿ, ಊದಿದಾಗ ಸಿ.ಒ.ಪಿ.ಡಿ. ಕಂಡುಬಂದವರ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿಗೆ ಅದುವರೆಗೆ ಯಾವ ವೈದ್ಯರೂ ಆ ಹೆಸರನ್ನು ಹೇಳಿರಲಿಲ್ಲ. ಆಸ್ಪತ್ರೆಯ ರಿಜಿಸ್ಟರನ್ನು ಎಣಿಸಿದರೆ ಇವರು ಸಿಗುವುದಿಲ್ಲ. ಏರು ಹತ್ತುವುದನ್ನು ನಿಲ್ಲಿಸಿ, ಸಂತೆಗೆ ಹೋಗುವುದನ್ನು ಬಿಟ್ಟು, ಮೇಲಿನ ಗದ್ದೆಯ ಕೆಲಸವನ್ನು ಮಗನಿಗೆ ಒಪ್ಪಿಸಿ, ಏದುಸಿರು ಬಾರದಂತೆ ಬದುಕನ್ನೇ ಕಿರಿದು ಮಾಡಿಕೊಂಡಿರುವ ಇವರನ್ನು ‘ನಿಮಗೆ ದಮ್ಮು ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. 30 ದಾಟಿದವರ ಆರೋಗ್ಯದ ವಿವರ ಬರೆದುಕೊಳ್ಳುವ ಸಿ-ಬ್ಯಾಕ್ ನಮೂನೆಯಲ್ಲಿ ಯಾವ ಉರುವಲು ಉರಿಸುತ್ತೀರಿ, ಉಸಿರಾಡಲು ಕಷ್ಟವೇ ಎಂದು ಬರೆದುಕೊಳ್ಳುತ್ತೇವೆ. ಯಂತ್ರವಿಲ್ಲದೆ ಇದರಿಂದ ಪ್ರಯೋಜನವಿದೆಯೇ?
— ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಖಂಡಿತ ಇದೆ. ಯಾರನ್ನು ಊದಿಸಬೇಕು ಎಂದು ಆರಿಸುವುದು ನೀವೇ. ಒಂದೇ ಸಲಹೆ: ‘ದಮ್ಮು ಇದೆಯೇ’ ಎಂದಷ್ಟೇ ಕೇಳಿ ಮುಂದಿನ ಸಾಲಿಗೆ ಹೋಗಬೇಡಿ. ‘ನಿಮ್ಮ ವಯಸ್ಸಿನವರ ಜೊತೆ ಸಮ ನೆಲದಲ್ಲಿ ನಡೆಯುವಾಗ ನೀವು ಹಿಂದೆ ಬೀಳುತ್ತೀರಾ, ಮಧ್ಯೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆಯಾ’ ಎಂದು ಕೇಳಿ. ಏದುಸಿರಿನ ತೀವ್ರತೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಪ್ರಶ್ನೆಯೇ ಇದು. ತೆಂಗಿನ ನಾರಿನ ಕೆಲಸ ಮಾಡುವವರಿದ್ದರೆ ಧೂಳಿನ ಕಾಲಮ್ಮನ್ನು ತಪ್ಪದೆ ತುಂಬಿ. ಎರಡು ವಾರ ದಾಟಿದ ಕೆಮ್ಮಿದ್ದವರನ್ನು ಮೊದಲು ಕಫ ಪರೀಕ್ಷೆಗೇ ಕಳುಹಿಸಬೇಕು ಎಂಬುದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನಮ್ಮ ಕಾರ್ಮಿಕ ಸಂಘದಿಂದ ಕ್ಯೂರಿಂಗ್ ಕೆಲಸಗಾರರಿಗೆ ಒಂದು ದಿನದ ಶ್ವಾಸಕೋಶ ತಪಾಸಣಾ ಶಿಬಿರ ಮಾಡಿಸಬೇಕೆಂದಿದ್ದೇವೆ. ಏನೇನು ಗಮನಿಸಬೇಕು?
— ಓದುಗರು, ಚಿಕ್ಕಮಗಳೂರು

ಉತ್ತರ: ಒಂದು ದಿನದಲ್ಲಿ ಮುನ್ನೂರು ಜನರನ್ನು ಊದಿಸಿದೆವು ಎಂದು ಫಲಕ ಹಾಕುವ ಶಿಬಿರ ದಯವಿಟ್ಟು ಬೇಡ. ಒಬ್ಬರಿಗೆ ಸರಿಯಾಗಿ ಕಲಿಸಿ, ಕನಿಷ್ಠ ಮೂರು ಒಪ್ಪುವಂಥ ಊದುಗಳನ್ನು ಪಡೆದು, ಅವುಗಳಲ್ಲಿ ಉತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರವಿಲ್ಲವೆಂದು ನೋಡಿ, ಔಷಧ ಕೊಟ್ಟು 15 ನಿಮಿಷ ಕಾದು ಮತ್ತೆ ಊದಿಸಲು ಮುಕ್ಕಾಲು ಗಂಟೆಯಾದರೂ ಬೇಕು. ಬೆಳಿಗ್ಗೆ ಯಂತ್ರ ಬಂದ ಕೂಡಲೇ ತಂತ್ರಜ್ಞರು 3 ಲೀಟರಿನ ಸಿರಿಂಜಿನಿಂದ ಅದನ್ನು ಪರಿಶೀಲಿಸುತ್ತಾರೆಯೇ ಎಂದು ನಿಂತು ನೋಡಿ: ಆ ದೊಡ್ಡ ಪಿಸ್ಟನ್ನನ್ನು ಒಮ್ಮೆ ನಿಧಾನವಾಗಿ, ಒಮ್ಮೆ ರಭಸವಾಗಿ ಒತ್ತಿದಾಗಲೂ ಯಂತ್ರ 2.91 ಮತ್ತು 3.09 ಲೀಟರಿನ ನಡುವೆಯೇ ತೋರಿಸಬೇಕು. ಸಿರಿಂಜನ್ನೇ ತರದ ತಂಡದ ಅಂಕಿಗಳನ್ನು ಯಾವ ಲೆಕ್ಕಕ್ಕೂ ಇಡುವಂತಿಲ್ಲ. ಕೋಣೆಯ ತಾಪಮಾನವನ್ನೂ ಯಂತ್ರಕ್ಕೆ ತಿಳಿಸಬೇಕು, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗ್ಗೂ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಅಳತೆಯ ಮೇಲೆ ಪರಿಣಾಮ ಬೀರುತ್ತದೆ. ಎತ್ತರವನ್ನು ಚಪ್ಪಲಿ ಬಿಡಿಸಿ ಅಳೆಯಬೇಕು, ಕೇಳಿ ಬರೆದುಕೊಳ್ಳಬಾರದು.

ಇದಕ್ಕಿಂತ ಮುಖ್ಯವಾದದ್ದು, ಶಿಬಿರಕ್ಕೆ ಯಾರನ್ನು ಕರೆಯುತ್ತೀರಿ ಎಂಬುದು. ಈಗ ಕೆಲಸದಲ್ಲಿರುವವರನ್ನಷ್ಟೇ ಊದಿಸಿದರೆ ಎಲ್ಲರೂ ಚೆನ್ನಾಗಿದ್ದಾರೆ ಎಂಬ ಫಲಿತಾಂಶ ಬರುವ ಸಂಭವವೇ ಹೆಚ್ಚು, ಏಕೆಂದರೆ ಧೂಳು ತಡೆಯಲಾರದವರು ಆಗಲೇ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಕಳೆದ ಐದು ವರ್ಷಗಳಲ್ಲಿ ಕೆಲಸ ಬಿಟ್ಟವರ ಪಟ್ಟಿ ನಿಮ್ಮ ಸಂಘದ ಬಳಿ ಇದ್ದೇ ಇರುತ್ತದೆ. ಅವರನ್ನೂ ಹುಡುಕಿ ಕರೆಯಿರಿ, ಬಿಟ್ಟ ಕಾರಣವನ್ನು ಕೇಳಿ ಬರೆದುಕೊಳ್ಳಿ. ಬೀಜ ಹಸನು ಮಾಡುವ, ಆರಿಸುವ ಹೆಂಗಸರು ದಿನಗೂಲಿಯವರೆಂದು ಪಟ್ಟಿಯಿಂದ ಬಿಟ್ಟುಹೋಗದಿರಲಿ. ಸಾಧ್ಯವಾದರೆ ಕ್ಯೂರಿಂಗ್ ಶುರುವಾಗುವ ಮುನ್ನ ಒಮ್ಮೆ, ಕೆಲಸ ಭರದಿಂದ ನಡೆಯುವಾಗ ಇನ್ನೊಮ್ಮೆ ಅದೇ ಜನರನ್ನು ಊದಿಸಿ. ಕೆಲಸದಿಂದಲೇ ಉಬ್ಬಸ ಬರುತ್ತಿದೆಯೆಂದು ಅನುಮಾನವಿರುವವರಿಗೆ ಊದುವ ರಭಸವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಅಗ್ಗದ ಪ್ಲಾಸ್ಟಿಕ್ ಸಾಧನವನ್ನು ಕೊಡಿಸಿ, ಕೆಲಸದ ದಿನ, ರಜೆಯ ದಿನ ಎರಡರಲ್ಲೂ ದಿನಕ್ಕೆ ನಾಲ್ಕು ಬಾರಿಯಂತೆ ಎರಡರಿಂದ ನಾಲ್ಕು ವಾರ ಊದಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲು ಹೇಳಿ. ಆ ಪುಸ್ತಕ ಎದೆರೋಗ ತಜ್ಞರಿಗೆ ಶಿಬಿರದ ಒಂದೇ ವರದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪ್ರತಿಯೊಬ್ಬರ ವರದಿಯ ಒಂದು ಪ್ರತಿ ಅವರ ಕೈಗೇ ಸೇರಬೇಕು, ಅಂಕಿ ಕಡಿಮೆ ಬಂತೆಂದು ಯಾರ ಕೂಲಿಗೂ ಕುತ್ತು ಬರಬಾರದು ಎಂಬುದನ್ನು ಆಡಳಿತದವರೊಂದಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ.

ಕೊನೆಯದಾಗಿ, ಎಲ್ಲರನ್ನೂ ಊದಿಸುವಂತಿಲ್ಲ. ಕಳೆದ ಒಂದು ವಾರದಲ್ಲಿ ಹೃದಯಾಘಾತವಾದವರು, ಇತ್ತೀಚೆಗೆ ಕಣ್ಣು, ಮಿದುಳು, ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಕಫದಲ್ಲಿ ರಕ್ತ ಬರುತ್ತಿರುವವರು, ಕ್ಷಯದ ಅನುಮಾನವಿರುವವರು ಊದಬಾರದು. ಬಾಗಿಲಲ್ಲೇ ಇದನ್ನೆಲ್ಲ ಕೇಳಿ ಬೇರ್ಪಡಿಸಲು ಒಬ್ಬ ನರ್ಸನ್ನು ನೇಮಿಸಿ. ಒಬ್ಬರು ಊದಿದ ಬಾಯಿಕೊಳವೆ ಮತ್ತು ಫಿಲ್ಟರನ್ನು ಇನ್ನೊಬ್ಬರಿಗೆ ಕೊಡದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ ಆಗಿರಲಿ.